ಕಾರ್ಖಾನೆಯಿಂದ ಮನೆ ಬರಲಿ, ಮೊದಲು ಬಾತ್‌ರೂಮ್ ಬರಲಿ

ಮೈಸೂರಿನ ರಿಂಗ್ ರಸ್ತೆ ದಾಟಿ ಯಾವ ಹೊಸ ಲೇಔಟಿಗೆ ಹೋದರೂ ರೆಡಿಮೇಡ್ ಕಾಂಪೌಂಡ್ ಕಾಣಿಸುತ್ತದೆ. ಆರೇಳು ಅಡಿಗೊಂದು ಸಿಮೆಂಟ್ ಕಂಬ. ಕಂಬದ ಎರಡೂ ಪಕ್ಕ ಉದ್ದಕ್ಕೂ ಒಂದು ತೋಡು. ಆ ತೋಡಿನೊಳಗೆ ಮೇಲಿಂದ ಒಂದರ ಮೇಲೊಂದು ಸಿಮೆಂಟ್ ಹಲಗೆ ಇಳಿಸುತ್ತಾರೆ. ಬೆಳಿಗ್ಗೆ ಲಾರಿ ಬಂದರೆ ಸಣ್ಣ ಸೈಟಿಗೆ ಸಂಜೆಯೊಳಗೆ ಕಾಂಪೌಂಡ್ ಸಿದ್ಧ. ಇಟ್ಟಿಗೆ ಇಲ್ಲ, ಪ್ಲಾಸ್ಟರಿಂಗ್ ಇಲ್ಲ, ವಾರಗಟ್ಟಲೆ ನೀರು ಹೊಡೆಯುವ ಕೆಲಸವೂ ಇಲ್ಲ. ಒಂದು ಹಲಗೆ ಒಡೆದರೆ ಅದನ್ನು ಮಾತ್ರ ಎತ್ತಿ ಬದಲಿಸಬಹುದು.

ಕಾಂಪೌಂಡ್ ಹೀಗೆ ಬರುವುದಾದರೆ ಅಪಾರ್ಟ್‌ಮೆಂಟ್ ಯಾಕೆ ಬರಬಾರದು?

ಬರುತ್ತಿದೆ. 2017ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ ಕಟ್ಟಡಗಳು ನೆನಪಿವೆಯಲ್ವಾ? ಅವುಗಳ ಗೋಡೆ, ಛಾವಣಿ ಕೃಷ್ಣಗಿರಿಯ ಕಾರ್ಖಾನೆಯೊಂದರಲ್ಲಿ ಎರಕವಾಗಿ, ಲಾರಿ ಏರಿ ಬಂದು, ಕ್ರೇನಿನಲ್ಲಿ ಜೋಡಣೆಯಾದವು. 2012ರಲ್ಲಿ ಪಂಜಾಬಿನ ಮೊಹಾಲಿಯಲ್ಲಿ ಹತ್ತು ಅಂತಸ್ತಿನ ಕಟ್ಟಡವೊಂದನ್ನು 48 ಗಂಟೆಯಲ್ಲಿ ನಿಲ್ಲಿಸಿದರು. 2015ರಲ್ಲಿ ಚೀನಾದ ಚಾಂಗ್ಶಾ ನಗರದಲ್ಲಿ 57 ಅಂತಸ್ತಿನ ಕಟ್ಟಡ 19 ದಿನದಲ್ಲಿ ಎದ್ದಿತು. ಇಂಥ ವಿಡಿಯೊಗಳು ವಾಟ್ಸಾಪಿನಲ್ಲಿ ಆಗಾಗ ಸುತ್ತುತ್ತಲೇ ಇರುತ್ತವೆ. ಅವು ತೋರಿಸುವುದು ಜೋಡಣೆಯನ್ನು ಮಾತ್ರ. ಅದಕ್ಕೆ ಮೊದಲು ತಿಂಗಳುಗಟ್ಟಲೆ ನಡೆದ ವಿನ್ಯಾಸ, ಅಚ್ಚು, ಎರಕ, ಪಾಯದ ಕೆಲಸ ವಿಡಿಯೊದಲ್ಲಿ ಇರುವುದಿಲ್ಲ. ಅದರ ಜೊತೆಗೆ ಈಗ ಎಲ್ಲ ಬ್ರೋಷರ್‌ಗಳಲ್ಲೂ 'ಪರಿಸರಸ್ನೇಹಿ' ಅಂತ ಒಂದು ಹಸಿರು ಎಲೆ ಬೇರೆ.

ಹಾಗಾದರೆ ಮೈಸೂರಿನಂಥ ಊರಿಗೆ ಇದರಲ್ಲಿ ಯಾವುದು ಹೊಂದುತ್ತದೆ, ಯಾವುದು ಹೊಂದುವುದಿಲ್ಲ? ಅದನ್ನು ತೀರ್ಮಾನಿಸುವುದು ಹಸಿರು ಎಲೆಯಲ್ಲ. ಲಾರಿ, ಕ್ರೇನು, ಸಂದು ಮತ್ತು ಸಿಮೆಂಟು.

ಮೂರು ಬಗೆ

ಹೀಗೆ ಕಾರ್ಖಾನೆಯಲ್ಲಿ ತಯಾರಿಸಿ ತಂದು ಜೋಡಿಸುವುದಕ್ಕೆ ಪ್ರೀಫ್ಯಾಬ್ ಅನ್ನುತ್ತಾರೆ. ಅದು ಒಂದೇ ವಿಧಾನ ಅಲ್ಲ. ಕಾರ್ಖಾನೆಯಲ್ಲಿ ಎಷ್ಟು ಕೆಲಸ ಮುಗಿಯುತ್ತದೆ ಅನ್ನುವುದರ ಮೇಲೆ ಅದರಲ್ಲಿ ಹಂತಗಳಿವೆ.

ಮೊದಲನೆಯದು ಬಿಡಿ ಭಾಗಗಳು. ಕಂಬ, ತೊಲೆ, ಮೆಟ್ಟಿಲು, ಛಾವಣಿಯ ಹಲಗೆ. ಛಾವಣಿಗೆ ಬಳಸುವ ಹಾಲೋಕೋರ್ ಹಲಗೆ ಸಾಮಾನ್ಯವಾಗಿ 1.2 ಮೀಟರ್ ಅಗಲ, ಅಂದರೆ ನಾಲ್ಕಡಿ. ಉದ್ದಕ್ಕೂ ಪೊಳ್ಳು ಕೊಳವೆಗಳಿರುತ್ತವೆ. ಹಾಗಾಗಿ ಅಷ್ಟೇ ದಪ್ಪದ ಗಟ್ಟಿ ಸ್ಲ್ಯಾಬಿಗೆ ಹೋಲಿಸಿದರೆ ಕಾಂಕ್ರೀಟ್ ಮೂರನೇ ಒಂದು ಭಾಗದಷ್ಟು ಕಡಿಮೆ. ಒಳಗಿನ ಉಕ್ಕಿನ ತಂತಿಯನ್ನು ಮೊದಲೇ ಬಿಗಿದಿರುವುದರಿಂದ ಇಪ್ಪತ್ತು ಅಡಿ ಅಂತರಕ್ಕೂ ಕೆಳಗೆ ಊರೆಗೋಲು ನಿಲ್ಲಿಸಬೇಕಾಗಿಲ್ಲ. ಸೆಂಟ್ರಿಂಗ್ ಹಲಗೆ, ಸರ್ವೆ ಮರ ಎಲ್ಲ ಉಳಿತಾಯ.

ಎರಡನೆಯದು ಇಡೀ ಗೋಡೆ. ಕಿಟಕಿಯ ಜಾಗ, ವೈರಿಂಗ್ ಪೈಪು, ಸ್ವಿಚ್ ಬಾಕ್ಸು ಸೇರಿದ ಹಾಗೆ ಒಂದೊಂದು ಗೋಡೆ ಒಂದೊಂದು ತುಂಡು.

ಮೂರನೆಯದು ಇಡೀ ರೂಮು. ಆರೂ ಮುಖ ಇರುವ ಪೆಟ್ಟಿಗೆ. ಟೈಲ್ಸು, ಬಣ್ಣ, ಫ್ಯಾನು ಎಲ್ಲ ಕಾರ್ಖಾನೆಯಲ್ಲೇ ಮುಗಿದು, ರೈಲು ಬೋಗಿಯ ಹಾಗೆ ಪೂರ್ತಿ ಸಜ್ಜಾಗಿ ಹೊರಗೆ ಬರುತ್ತದೆ. ಮಾಡ್ಯೂಲರ್ ಅಪಾರ್ಟ್‌ಮೆಂಟ್ ಅಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಇದರ ಹೆಸರಾಂತ ಉದಾಹರಣೆ ಕೆನಡಾದ ಮಾಂಟ್ರಿಯಲ್‌ನಲ್ಲಿ 1967ರ ಪ್ರದರ್ಶನಕ್ಕಾಗಿ ವಾಸ್ತುಶಿಲ್ಪಿ ಮೋಶೆ ಸಾಫ್ಡಿ ಕಟ್ಟಿದ ಹ್ಯಾಬಿಟಾಟ್ 67. ಒಟ್ಟು 354 ಕಾಂಕ್ರೀಟ್ ಪೆಟ್ಟಿಗೆಗಳು. ಒಬ್ಬರ ಮನೆಯ ಛಾವಣಿ ಇನ್ನೊಬ್ಬರ ತೋಟ. ನೋಡಲು ಬಹಳ ಚೆಂದ. ಅಗ್ಗದ ವಸತಿ ಆಗಬೇಕೆಂದು ಹೊರಟದ್ದು, ಆದದ್ದು ಮಾತ್ರ ದುಬಾರಿ ವಿಳಾಸ.

ನಮ್ಮ ದೇಶದಲ್ಲೂ ಇದೆಲ್ಲ ನಡೆದಿದೆ. ದೆಹಲಿಯಲ್ಲಿ ಸರ್ಕಾರವೇ 1948ರಲ್ಲಿ ಮನೆ ತಯಾರಿಸುವ ಕಾರ್ಖಾನೆ ತೆರೆದಿತ್ತು. ಅದೇ ಮುಂದೆ ಹಿಂದೂಸ್ತಾನ್ ಪ್ರೀಫ್ಯಾಬ್ ಆಯಿತು. ಈಚೆಗೆ 2021ರ ಜನವರಿ 1ರಂದು ಕೇಂದ್ರ ಸರ್ಕಾರ ಆರು ಊರುಗಳಲ್ಲಿ ಲೈಟ್ ಹೌಸ್ ಯೋಜನೆ ಶುರು ಮಾಡಿತು. ಒಂದೊಂದು ಊರಿಗೆ ಒಂದೊಂದು ಹೊಸ ವಿಧಾನ. ಚೆನ್ನೈಗೆ ಪ್ರೀಕಾಸ್ಟ್ ತುಂಡುಗಳು (ಮೊದಲೇ ಎರಕ ಹೊಯ್ದ ಕಾಂಕ್ರೀಟ್ ಭಾಗಗಳು), 1,152 ಮನೆ. ರಾಂಚಿಗೆ ಪೆಟ್ಟಿಗೆ ವಿಧಾನ, 1,008 ಮನೆ. ಗುರಿ ಇದ್ದದ್ದು ಒಂದು ವರ್ಷ. ಚೆನ್ನೈನ ಮನೆಗಳು 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು. ರಾಂಚಿಯವು 2024ರ ಮಾರ್ಚಿಗೆ. ನಡುವೆ ಕೋವಿಡ್ ಕಾಟ ಇತ್ತು, ಒಪ್ಪೋಣ. ಆದರೂ ಪೆಟ್ಟಿಗೆ ಅಂದ ತಕ್ಷಣ ವೇಗ ಅಂತ ಅಲ್ಲ.

ಲಾರಿಯ ಅಳತೆ

ಈಗ ಒಂದು ರೂಮಿನ ಲೆಕ್ಕ ಹಾಕೋಣ. ಇದು ಸ್ವಲ್ಪ ಉದ್ದ ಆಗುತ್ತದೆ, ಆದರೆ ಇಡೀ ವಿಷಯ ಇದರಲ್ಲೇ ಇದೆ.

ನಮ್ಮ ಕಡೆ ಬೆಡ್‌ರೂಮ್ ಅಂದರೆ ಕನಿಷ್ಠ ಹತ್ತಡಿಗೆ ಹನ್ನೆರಡಡಿ. ಹನ್ನೊಂದು ಹನ್ನೆರಡು ಇದ್ದರೆ ಗೃಹಪ್ರವೇಶಕ್ಕೆ ಬಂದವರು "ಪರವಾಗಿಲ್ಲ" ಅನ್ನುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ರಸ್ತೆಯಲ್ಲಿ ಹೋಗುವ ಲಾರಿಯ ಅಗಲ 2.6 ಮೀಟರ್ ಮೀರಬಾರದು. ಅಂದರೆ ಎಂಟೂವರೆ ಅಡಿ. ನಮ್ಮ ಹತ್ತಡಿ ರೂಮು ಅಲ್ಲಿಗೇ ಹೊರಗೆ.

ಇನ್ನು ಎತ್ತರ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ರೂಮಿಗೆ ಕನಿಷ್ಠ 2.75 ಮೀಟರ್ ಎತ್ತರ ಕೇಳುತ್ತದೆ. ಅದಕ್ಕೆ ನೆಲದ ದಪ್ಪ, ಛಾವಣಿಯ ದಪ್ಪ ಸೇರಿಸಿದರೆ ಮೂರು ಮೀಟರ್ ಹತ್ತಿರ. ಸಾಮಾನ್ಯ ಲಾರಿಯ ಹಾಸು ನೆಲದಿಂದ ಒಂದು ಮೀಟರಿಗಿಂತ ಮೇಲಿರುತ್ತದೆ. ಒಟ್ಟು ನಾಲ್ಕು ಮೀಟರ್ ದಾಟಿತು. ಸರಕು ವಾಹನಕ್ಕೆ 2020ರಲ್ಲಿ ಎತ್ತರದ ಮಿತಿ ಏರಿಸಿದ ಮೇಲೂ ಅದು ನಿಂತಿರುವುದು ನಾಲ್ಕು ಮೀಟರಿಗೇ. ತಗ್ಗಿನ ಟ್ರೈಲರ್ ತಂದರೆ ಕೂದಲೆಳೆಯಲ್ಲಿ ಪಾರಾಗಬಹುದು.

ಹಾಗಾದರೆ ಎರಡೇ ದಾರಿ. ರೂಮನ್ನು ಎಂಟಡಿಗೆ ಇಳಿಸಬೇಕು, ಇಲ್ಲವೇ ಅತಿಗಾತ್ರದ ಸರಕು ಅಂತ ಪ್ರತಿ ಸಲವೂ ವಿಶೇಷ ಅನುಮತಿ ತಗೊಂಡು ಸಾಗಿಸಬೇಕು. ಸಂಹಿತೆ ಪ್ರಕಾರ 2.4 ಮೀಟರ್ ಅಗಲದ ರೂಮು ಕೂಡ ಪಾಸಾಗುತ್ತದೆ. ಆದರೆ ಎಂಟಡಿಯಲ್ಲಿ ಮಂಚ ಹಾಕಿ, ಬೀರು ಇಟ್ಟು, ಬೀರುವಿನ ಬಾಗಿಲು ತೆಗೆದು ನೋಡಿ. ಒಬ್ಬರು ಎದ್ದು ಹೊರಗೆ ಹೋಗಬೇಕು.

ತೂಕಕ್ಕೆ ಬರೋಣ. ಅದೇ ಹತ್ತಕ್ಕೆ ಹನ್ನೆರಡರ ರೂಮು, ನಾಲ್ಕಿಂಚು ಗೋಡೆ, ಐದಿಂಚು ನೆಲ, ನಾಲ್ಕಿಂಚು ಛಾವಣಿ. ಸುಮಾರು ಆರು ಘನ ಮೀಟರ್ ಕಾಂಕ್ರೀಟ್ ಆಯಿತು. ಕಬ್ಬಿಣ ಸೇರಿದ ಕಾಂಕ್ರೀಟ್ ಘನ ಮೀಟರಿಗೆ ಎರಡೂವರೆ ಟನ್. ಬಾಗಿಲು, ಕಿಟಕಿ ಕಳೆದರೆ 13–14 ಟನ್ ಉಳಿಯುತ್ತದೆ. ಒಂಬತ್ತಿಂಚು ಇಟ್ಟಿಗೆ ಗೋಡೆಯ ರೂಮು ಇದಕ್ಕಿಂತಲೂ ಭಾರ. ಆದರೆ ಅದನ್ನು ಯಾರೂ ಒಟ್ಟಿಗೆ ಎತ್ತುವುದಿಲ್ಲ. ಮೂರು ಕಿಲೋ ಇಟ್ಟಿಗೆಗಳು ಒಂದೊಂದಾಗಿ ಮೇಲೆ ಹೋಗುತ್ತವೆ. ಇಲ್ಲಿ ಮಾತ್ರ ಹದಿನಾಲ್ಕು ಟನ್ ಒಂದೇ ಏಟಿಗೆ ಗಾಳಿಯಲ್ಲಿ ತೂಗಾಡಬೇಕು.

ಕ್ರೇನಿನ ಮೇಲೆ 50 ಟನ್ ಅಂತ ಬರೆದಿರುತ್ತದೆ. ಅದು ತೋಳು ಹತ್ತಿರ ಇದ್ದಾಗ ಮಾತ್ರ. ತೋಳು ದೂರ ಚಾಚಿದಂತೆಲ್ಲ ಎತ್ತುವ ಶಕ್ತಿ ಗಬಕ್ಕನೆ ಇಳಿಯುತ್ತದೆ. ಕ್ರೇನು ಕಾಲೂರಿ ನಿಲ್ಲಲು ಗಟ್ಟಿ ನೆಲ, ಅಗಲ ಜಾಗ ಬೇಕು. ಸರಸ್ವತಿಪುರಂ ಅಥವಾ ಕುವೆಂಪುನಗರದ ಒಳರಸ್ತೆ ನೆನಪಿಸಿಕೊಳ್ಳಿ. ಎರಡೂ ಕಡೆ ಮರ, ಅಡ್ಡಡ್ಡ ಕರೆಂಟು ತಂತಿ, ಕೇಬಲ್ಲು, ಗೇಟಿನ ಮುಂದೆ ಕಾರು. ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅದರಲ್ಲಿ ಸ್ಕೂಟರ್ ಹೋದರೆ ಹೆಚ್ಚು. ಅಲ್ಲಿ ಹಳೇ ಮನೆ ಕೆಡವಿ ಪೆಟ್ಟಿಗೆ ಇಳಿಸುವ ಮಾತು ಸುಮ್ನೆ ಮಾತು. ರಿಂಗ್ ರಸ್ತೆ ಪಕ್ಕ, ಹೂಟಗಳ್ಳಿ, ಬೋಗಾದಿ ಆಚೆ, ಒಂದೆರಡು ಎಕರೆ ಖಾಲಿ ಜಾಗ ಇರುವ ಕಡೆ ಇದು ಸಾಧ್ಯ.

ಪೆಟ್ಟಿಗೆಗೆ ಇನ್ನೊಂದು ತೊಡಕಿದೆ. ಪಕ್ಕಪಕ್ಕ ಇಟ್ಟಾಗ ಎರಡು ಗೋಡೆ ಸೇರುತ್ತವೆ. ಮೇಲೆ ಕೆಳಗೆ ಇಟ್ಟಾಗ ಒಂದರ ಛಾವಣಿ, ಇನ್ನೊಂದರ ನೆಲ. ಒಂದು ಇದ್ದರೆ ಸಾಕಾಗುವ ಕಡೆ ಎರಡು. ಪಕ್ಕದ ಮನೆಯ ಟಿವಿ ಸದ್ದು ಕೇಳಿಸುವುದಿಲ್ಲ, ಅದು ಲಾಭವೇ. ಸಾಮಾನು ಮಾತ್ರ ಜಾಸ್ತಿ ಬೀಳುತ್ತದೆ. ಉಕ್ಕಿನ ಚೌಕಟ್ಟಿನ ಪೆಟ್ಟಿಗೆ ಮಾಡಿದರೆ ತೂಕ ಬಹಳ ಇಳಿಯುತ್ತದೆ. ಆಗ ಬೆಂಕಿಗೆ ರಕ್ಷಣೆ, ತುಕ್ಕಿಗೆ ರಕ್ಷಣೆ, ಬಿಸಿಲಿಗೆ ರಕ್ಷಣೆ ಎಲ್ಲವನ್ನೂ ಬೇರೆ ಬೇರೆ ಪದರವಾಗಿ ಸೇರಿಸಬೇಕು.

ಸಂದು

ಪ್ರೀಕಾಸ್ಟ್ ಕಟ್ಟಡದಲ್ಲಿ ಗೋಡೆ ಮುರಿದು ಬೀಳುವುದು ಅಪರೂಪ. ತೊಂದರೆ ಬರುವುದು ಎರಡು ತುಂಡು ಸೇರುವ ಕಡೆ.

1968ರ ಮೇ 16ರ ಬೆಳಗಿನ ಜಾವ ಲಂಡನ್ನಿನ ರೋನನ್ ಪಾಯಿಂಟ್ ಎಂಬ 22 ಅಂತಸ್ತಿನ ಕಟ್ಟಡದಲ್ಲಿ ಹೀಗಾಯಿತು. 18ನೇ ಮಹಡಿಯಲ್ಲಿ ಒಬ್ಬಾಕೆ ಟೀ ಮಾಡಲು ಒಲೆ ಹಚ್ಚಿದರು. ಸೋರಿದ್ದ ಗ್ಯಾಸ್ ಸಿಡಿಯಿತು. ಸ್ಫೋಟ ಅಷ್ಟೇನೂ ದೊಡ್ಡದಲ್ಲ, ಆಕೆ ಬದುಕಿಕೊಂಡರು. ಆದರೆ ಮೂಲೆಯ ಗೋಡೆ ಹೊರಕ್ಕೆ ಜಾರಿತು. ಆ ಗೋಡೆಯ ಮೇಲೆ ಕೂತಿದ್ದ ಮೇಲಿನ ಮಹಡಿಗಳು ಕುಸಿದವು. ಅವುಗಳ ಭಾರಕ್ಕೆ ಕೆಳಗಿನವೂ ಕುಸಿದವು. ಇಡೀ ಮೂಲೆ ಮೇಲಿಂದ ಕೆಳಗಿನವರೆಗೆ ಹೋಯಿತು. ನಾಲ್ವರು ಸತ್ತರು. ಆ ತುಂಡುಗಳನ್ನು ಬಹುಮಟ್ಟಿಗೆ ಅವುಗಳ ತೂಕವೇ ಹಿಡಿದು ನಿಲ್ಲಿಸಿತ್ತು, ಕಬ್ಬಿಣದ ಕಟ್ಟು ಇರಲಿಲ್ಲ. 1986ರಲ್ಲಿ ಕಟ್ಟಡವನ್ನು ಬಿಚ್ಚಿದಾಗ ಸಂದುಗಳಲ್ಲಿ ಗಾರೆ ಸರಿಯಾಗಿ ತುಂಬಿರಲಿಲ್ಲ, ಕೆಲವು ಕಡೆ ನ್ಯೂಸ್‌ಪೇಪರ್ ತುರುಕಿದ್ದರು.

ಆ ಪಾಠದಿಂದ ನಿಯಮಗಳು ಬದಲಾದವು. ಒಂದು ತುಂಡು ಹೋದರೂ ಉಳಿದವು ಒಂದನ್ನೊಂದು ಹಿಡಿದುಕೊಳ್ಳುವ ಹಾಗೆ ಉದ್ದಕ್ಕೂ ಅಡ್ಡಕ್ಕೂ ಕಬ್ಬಿಣದ ಕಟ್ಟು ಇರಬೇಕು. ನಮ್ಮಲ್ಲಿ ಪ್ರೀಕಾಸ್ಟ್ ಕಟ್ಟಡಗಳಿಗೆ ಐಎಸ್ 15916 ಎಂಬ ಸಂಹಿತೆ ಇದೆ. 2001ರ ಗುಜರಾತ್ ಭೂಕಂಪದಲ್ಲಿ ಆಗಷ್ಟೇ ಕಟ್ಟಿದ್ದ ಪ್ರೀಕಾಸ್ಟ್ ಶಾಲಾ ಕೊಠಡಿಗಳು ಬಿದ್ದದ್ದೂ ಸಂದುಗಳು ದುರ್ಬಲ ಇದ್ದದ್ದರಿಂದಲೇ. ಮೈಸೂರಿನಲ್ಲಿ ಭೂಕಂಪದ ಅಪಾಯ ಕಡಿಮೆ. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಮಾತ್ರ ಎಲ್ಲ ಊರಲ್ಲೂ ಇದೆ.

ಸೈಟಿನಲ್ಲಿ ಈ ಸಂದು ಹೇಗೆ ಮಾಡುತ್ತಾರೆ ಅಂತ ಹತ್ತಿರದಿಂದ ನೋಡಬೇಕು. ಕೆಳಗಿನ ಗೋಡೆಯ ತಲೆಯಲ್ಲಿ ಕಂಬಿಗಳು ಮೇಲಕ್ಕೆ ಚಾಚಿರುತ್ತವೆ. ಮೇಲಿನ ಗೋಡೆಯ ಬುಡದಲ್ಲಿ ಅದೇ ಅಳತೆಗೆ ಕೊಳವೆ ಬಿಟ್ಟಿರುತ್ತಾರೆ. ಕ್ರೇನು ಗೋಡೆಯನ್ನು ನಿಧಾನ ಇಳಿಸುತ್ತದೆ. ಇಬ್ಬರು ಕೈಯಲ್ಲಿ ಹಿಡಿದು ತಿರುಗಿಸುತ್ತಾ ಕಂಬಿ ಕೊಳವೆಯೊಳಗೆ ಹೋಗುವ ಹಾಗೆ ಕೂರಿಸುತ್ತಾರೆ. ಕೆಳಗೆ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು ಮಟ್ಟ ಹಿಡಿದು, ಮುಕ್ಕಾಲಿಂಚು ಸಂದು ಬಿಟ್ಟು, ಪಕ್ಕಕ್ಕೆ ಓರೆ ಊರೆಗೋಲು ಬಿಗಿಯುತ್ತಾರೆ. ಆಮೇಲೆ ಗ್ರೌಟನ್ನು, ಅಂದರೆ ಒಣಗಿದಾಗ ಕುಗ್ಗದ ತೆಳು ಗಾರೆಯನ್ನು, ಕೆಳಗಿನ ತೂತಿನಿಂದ ಪಂಪಿನಲ್ಲಿ ತಳ್ಳುತ್ತಾರೆ. ಮೇಲಿನ ತೂತಿನಿಂದ ಗ್ರೌಟ್ ಉಕ್ಕಿ ಹೊರಗೆ ಬಂದರೆ ಕೊಳವೆ ತುಂಬಿತು ಅಂತ ಲೆಕ್ಕ. ಬರದಿದ್ದರೆ ಒಳಗೆ ಪೊಳ್ಳು. ಕಂಬಿ ಕೊಳವೆಗೆ ಹೊಂದದೆ ಹೋದಾಗ ಅದನ್ನು ಬಗ್ಗಿಸುವ, ಇನ್ನೂ ಕೆಟ್ಟದ್ದು ಅಂದರೆ ಕತ್ತರಿಸಿಯೇ ಬಿಡುವ ಆಸೆ ಹುಟ್ಟುತ್ತದೆ. ಗೋಡೆ ಕೂತ ಮೇಲೆ ಯಾರಿಗೂ ಕಾಣುವುದಿಲ್ಲ. ಆ ಹೊತ್ತಿಗೆ ಅಲ್ಲಿ ಒಬ್ಬ ಎಂಜಿನಿಯರ್ ಹಾಳೆ ಹಿಡಿದು ನಿಂತಿರಬೇಕು. ಅದಕ್ಕೆ ಕೊಡುವ ಸಂಬಳ ಉಳಿಸಬಾರದು.

ಹೊರಗಿನ ಸಂದಿಗೆ ಮಳೆ ನೀರು ಹೋಗದ ಹಾಗೆ ರಬ್ಬರಿನಂಥ ಸೀಲೆಂಟ್ ಹಾಕುತ್ತಾರೆ. ಬಿಸಿಲು ಮಳೆಗೆ ಅದರ ಆಯಸ್ಸು ಹತ್ತರಿಂದ ಇಪ್ಪತ್ತು ವರ್ಷ. ಕಟ್ಟಡದ ಆಯಸ್ಸು ಅದರ ಮೂರ್ನಾಲ್ಕು ಪಟ್ಟು.

ಹಸಿರು ಎಷ್ಟು?

ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಡಬೇಕು. ಸುಟ್ಟಾಗ ಇಂಧನದಿಂದ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿನಿಂದಲೇ ಅದಕ್ಕಿಂತ ಹೆಚ್ಚು ಬರುತ್ತದೆ. ಹಾಗಾಗಿ ಒಲೆಗೆ ಸೋಲಾರ್ ಹಾಕಿದರೂ ಪೂರ್ತಿ ತಪ್ಪುವುದಿಲ್ಲ. ಸಾಮಾನ್ಯ ಸಿಮೆಂಟಿನಲ್ಲಿ ಟನ್ನಿಗೆ 800–900 ಕಿಲೋ.

ನಮ್ಮ ಹದಿನಾಲ್ಕು ಟನ್ ರೂಮಿಗೆ ವಾಪಸ್ ಬರೋಣ. ಅದರಲ್ಲಿ ಎರಡು ಟನ್ ಹತ್ತಿರ ಸಿಮೆಂಟ್ ಇರುತ್ತದೆ. ಅಂದರೆ ಸುಮಾರು ಒಂದೂವರೆ ಟನ್‌ಗೂ ಹೆಚ್ಚು ಇಂಗಾಲದ ಡೈಆಕ್ಸೈಡ್. ಆ ರೂಮನ್ನು ಬೆಂಗಳೂರಿನ ಹತ್ತಿರದ ಕಾರ್ಖಾನೆಯಿಂದ ಮೈಸೂರಿಗೆ ತರೋಣ. ಹೋಗಿ ಬರಲು 300 ಕಿಲೋಮೀಟರ್ ಅನ್ನಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಲೆಕ್ಕದಲ್ಲಿ 75 ಲೀಟರ್ ಡೀಸೆಲ್. ಒಂದು ಲೀಟರ್ ಡೀಸೆಲ್ ಸುಟ್ಟರೆ 2.7 ಕಿಲೋ. ಒಟ್ಟು 200 ಕಿಲೋ.

ಎಲ್ಲರೂ "ಅಷ್ಟು ದೂರದಿಂದ ಲಾರಿಯಲ್ಲಿ ತರೋದು ಎಲ್ಲಿಯ ಪರಿಸರಸ್ನೇಹಿ?" ಅಂತ ಕೇಳುತ್ತಾರೆ. ನಿಜವಾಗಿ ಕೇಳಬೇಕಾದ್ದು ಸಿಮೆಂಟಿನ ಬಗ್ಗೆ. ಸಿಮೆಂಟಿನಲ್ಲಿ ನೂರಕ್ಕೆ 40 ಭಾಗ ತೆಗೆದು ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ (ಕಿಟ್ಟ) ಪುಡಿ ಹಾಕಿದರೆ ಕಡಿಮೆಯಾಗುವ ಇಂಗಾಲ ಆ ಡೀಸೆಲಿನ ಮೂರು ಪಟ್ಟು. ಸ್ಲ್ಯಾಗ್ ನಮ್ಮ ರಾಜ್ಯದ ತೋರಣಗಲ್ಲಿನಲ್ಲೇ ಸಿಗುತ್ತದೆ. ರಾಯಚೂರಿನ ವಿದ್ಯುತ್ ಸ್ಥಾವರದ ಹಾರುಬೂದಿಯೂ ಇದೇ ಕೆಲಸಕ್ಕೆ ಬರುತ್ತದೆ.

ಇಲ್ಲೊಂದು ಗಂಟಿದೆ. ಸ್ಲ್ಯಾಗ್, ಹಾರುಬೂದಿ ಹಾಕಿದ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಕಾರ್ಖಾನೆಯವರಿಗೆ ಇವತ್ತು ಎರಕ ಹೊಯ್ದದ್ದನ್ನು ನಾಳೆ ಬೆಳಿಗ್ಗೆ ಅಚ್ಚಿನಿಂದ ತೆಗೆಯಬೇಕು. ದುಬಾರಿ ಉಕ್ಕಿನ ಅಚ್ಚು ಖಾಲಿಯಾಗದೆ ಮುಂದಿನದು ಹೊಯ್ಯುವ ಹಾಗಿಲ್ಲ. ಅದಕ್ಕೇ ಅವರು ಬೇಗ ಗಟ್ಟಿಯಾಗುವ ಸಿಮೆಂಟನ್ನು ಜಾಸ್ತಿ ಹಾಕುತ್ತಾರೆ, ಇಲ್ಲವೇ ಆವಿ ಹಾಯಿಸುತ್ತಾರೆ. ವೇಗ ಮತ್ತು ಹಸಿರು ಇಲ್ಲಿ ಒಂದಕ್ಕೊಂದು ಅಡ್ಡ ಬರುತ್ತವೆ. ಬ್ರೋಷರ್ ಎರಡನ್ನೂ ಒಟ್ಟಿಗೆ ಮಾರುತ್ತದೆ.

ಪ್ರೀಫ್ಯಾಬಿನ ನಿಜವಾದ ಉಳಿತಾಯ ಬೇರೆ ಕಡೆ ಇದೆ. ನೀರು ಒಂದು. ಸೈಟಿನಲ್ಲಿ ಕಾಂಕ್ರೀಟಿಗೆ ಏಳು ದಿನ, ಬೂದಿ ಬೆರೆತ ಸಿಮೆಂಟಾದರೆ ಹತ್ತು ದಿನ ಕ್ಯೂರಿಂಗ್ ಮಾಡಬೇಕು ಅನ್ನುತ್ತದೆ ಸಂಹಿತೆ. ಪೈಪು ಹಿಡಿದು ಹೊಡೆದ ನೀರು ಮೋರಿಗೆ. ಬೇಸಿಗೆಯಲ್ಲಿ ಹೊಸ ಬಡಾವಣೆಗಳು ಟ್ಯಾಂಕರ್‌ಗೆ ಕಾಯುವಾಗ ಇದು ಸಣ್ಣ ಮಾತಲ್ಲ. ಕಾರ್ಖಾನೆಯಲ್ಲಿ ಅದೇ ನೀರನ್ನು ಹಿಡಿದು ಮತ್ತೆ ಬಳಸಬಹುದು. ಇನ್ನೊಂದು ಪೋಲು. ಸೈಟಿನಲ್ಲಿ ಕತ್ತರಿಸಿ ಬಿಸಾಕುವ ಕಂಬಿ, ಒಡೆದ ಟೈಲ್ಸು, ಗಟ್ಟಿಯಾದ ಸಿಮೆಂಟ್ ಮೂಟೆ ಕೊನೆಗೆ ಯಾವುದೋ ಕೆರೆಯ ದಂಡೆಗೆ ಹೋಗಿ ಬೀಳುತ್ತವೆ. ಮೂರನೆಯದು ಅಕ್ಕಪಕ್ಕದವರ ನೆಮ್ಮದಿ. ವರ್ಷಗಟ್ಟಲೆ ಧೂಳು, ಸದ್ದು ತಿನ್ನುವ ಬದಲು ಕೆಲವು ತಿಂಗಳು.

ಬಿಸಿಲಿನ ವಿಷಯ ಮಾತ್ರ ಎಚ್ಚರ. ಆರಿಂಚು ಬರೀ ಕಾಂಕ್ರೀಟ್ ಗೋಡೆ ಒಂಬತ್ತಿಂಚು ಇಟ್ಟಿಗೆ ಗೋಡೆಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಬಿಸಿಯನ್ನು ಒಳಗೆ ಬಿಡುತ್ತದೆ. ಏಪ್ರಿಲ್‌ನಲ್ಲಿ ಪಶ್ಚಿಮದ ಬೆಡ್‌ರೂಮಿಗೆ ಮಲಗಲು ಹೋದಾಗ ಗೋಡೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಮಧ್ಯೆ ಥರ್ಮೋಕೋಲಿನಂಥ ಪದರ ಇರುವ ಸ್ಯಾಂಡ್‌ವಿಚ್ ಗೋಡೆ ಮಾಡಿದರೆ ಸರಿಹೋಗುತ್ತದೆ. ಆ ಪದರಕ್ಕೆ ಬೆಂಕಿ ತಗಲದ ಹಾಗೆ ಎರಡೂ ಕಡೆ ಕಾಂಕ್ರೀಟ್ ಮುಚ್ಚಿರಬೇಕು. ಮನೆಗಳ ಗೋಡೆ, ಕಿಟಕಿಯಿಂದ ಎಷ್ಟು ಬಿಸಿ ಒಳಗೆ ಬರಬಹುದು ಎಂದು ಕೇಂದ್ರದ ಇಕೋ ನಿವಾಸ್ ಸಂಹಿತೆ 2018ರಲ್ಲೇ ಮಿತಿ ಹಾಕಿದೆ, ಚದರ ಮೀಟರಿಗೆ 15 ವ್ಯಾಟ್. ಬಿಲ್ಡರ್ ಹತ್ತಿರ ಈ ಲೆಕ್ಕ ಕೇಳಬಹುದು.

ಮತ್ತೆ ಸಜ್ಜೆ! ಪ್ರೀಕಾಸ್ಟ್ ಕಟ್ಟಡಗಳಲ್ಲಿ ಸಜ್ಜೆ ಮಾಯವಾಗುತ್ತಿದೆ. ಗೋಡೆಯಿಂದ ಹೊರಗೆ ಚಾಚಿದ ಭಾಗ ಇದ್ದರೆ ಅಚ್ಚು ಕಷ್ಟ, ಲಾರಿಯಲ್ಲಿ ಜೋಡಿಸುವುದು ಕಷ್ಟ. ಹಾಗಾಗಿ ಚಪ್ಪಟೆ ಗೋಡೆ, ಅದರಲ್ಲೊಂದು ಚೌಕ ಕಿಟಕಿ. ಬಿಸಿಲೂ ನೇರ, ಇರಚಲೂ ನೇರ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಬಣ್ಣದ ಫೈಬರ್ ಶೀಟ್ ಹಾಕಿಸುತ್ತಾರೆ. ಸಜ್ಜೆಯನ್ನು ಬೇರೆ ತುಂಡಾಗಿ ಎರಕ ಹೊಯ್ದು ಬೋಲ್ಟಿನಲ್ಲಿ ಕೂರಿಸಲು ಬರುತ್ತದೆ. ಕೇಳುವವರಿದ್ದರೆ ಮಾಡುತ್ತಾರೆ.

ಹಾಗಾದರೆ ಬಾತ್‌ರೂಮ್ ಯಾಕೆ?

ಯಾವುದೇ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪ್ ತೆಗೆಯಿರಿ. "ನಿಮ್ಮ ಬಾತ್‌ರೂಮಿನಿಂದ ನಮ್ಮ ಸೀಲಿಂಗಿಗೆ ನೀರು ಸೋರ್ತಿದೆ" ಅನ್ನುವ ಜಗಳ ಒಂದಾದರೂ ಇರುತ್ತದೆ. ಕಾರಣ ಸರಳ. ಸೈಟಿನಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ತಗ್ಗಿಸಿ, ಅದರೊಳಗೆ ಪೈಪು ಹಾಕಿ, ವಾಟರ್‌ಪ್ರೂಫಿಂಗ್ ಬಳಿದು, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸು ಹಾಕುತ್ತಾರೆ. ಪ್ಲಂಬರು, ಗಾರೆಯವರು, ಟೈಲ್ಸಿನವರು, ವಾಟರ್‌ಪ್ರೂಫಿಂಗಿನವರು, ಎಲೆಕ್ಟ್ರಿಷಿಯನ್ ಎಲ್ಲರೂ ಐದಡಿಗೆ ಎಂಟಡಿ ಜಾಗದಲ್ಲಿ ಒಬ್ಬರ ನಂತರ ಒಬ್ಬರು. ಒಬ್ಬರು ಬಳಿದದ್ದನ್ನು ಇನ್ನೊಬ್ಬರು ಉಳಿಯಲ್ಲಿ ಕೊರೆಯುತ್ತಾರೆ. ಸೋರಿಕೆ ಗೊತ್ತಾಗುವ ಹೊತ್ತಿಗೆ ಮೇಲೆ ಟೈಲ್ಸು ಕೂತಿರುತ್ತದೆ.

ಈಗ ಮೇಲಿನ ಎಲ್ಲ ಅಳತೆಗಳನ್ನೂ ಬಾತ್‌ರೂಮಿಗೆ ಹಚ್ಚಿ ನೋಡಿ. ಐದಕ್ಕೆ ಎಂಟಡಿ ಅಂದರೆ ಲಾರಿಗೆ ಸಲೀಸು, ಅನುಮತಿಯ ಗೋಜಿಲ್ಲ. ಇದಕ್ಕೆ ಬೆಡ್‌ರೂಮಿನಷ್ಟು ಎತ್ತರವೂ ಬೇಡ. ತೂಕ ಕೆಲವೇ ಟನ್, ಸಾಧಾರಣ ಕ್ರೇನು ಸಾಕು. ಮೇಲಿನ ಮಹಡಿಗಳ ಭಾರ ಹೊರುವ ಕೆಲಸ ಇದಕ್ಕಿಲ್ಲ. ಆದ್ದರಿಂದ ರೋನನ್ ಪಾಯಿಂಟಿನ ಭಯವೂ ಇಲ್ಲ. ನೂರು ಮನೆಯ ಅಪಾರ್ಟ್‌ಮೆಂಟಿನಲ್ಲಿ ಹಾಲ್‌ಗಳು ನಾಲ್ಕಾರು ತರ ಇರಬಹುದು, ಆದರೆ ಇನ್ನೂರು ಬಾತ್‌ರೂಮು ಒಂದೇ ಅಳತೆಗಿದ್ದರೆ ಯಾರಿಗೂ ಬೇಜಾರಿಲ್ಲ. ವಾಸ್ತು ನೋಡುವವರೂ ಕಮೋಡಿನ ದಿಕ್ಕಿನ ಬಗ್ಗೆ ಮಾತ್ರ ತಕರಾರು ಎತ್ತಬಹುದು. ಅದಕ್ಕೆ ಎಡ ಒಂದು, ಬಲ ಒಂದು ಎರಡು ಅಚ್ಚು ಮಾಡಿದರೆ ಆಯಿತು.

ಕಾರ್ಖಾನೆಯಲ್ಲಿ ನೆಲವನ್ನು ಅಂಚು ಸಮೇತ ಒಂದೇ ತಟ್ಟೆಯಾಗಿ ಎರಕ ಹೊಯ್ಯುತ್ತಾರೆ. ಸಂದೇ ಇಲ್ಲದ ಮೇಲೆ ಸೋರಲು ದಾರಿ ಎಲ್ಲಿ? ಪೈಪಿಗೆ ಒತ್ತಡದ ನೀರು ಬಿಟ್ಟು, ನೆಲದಲ್ಲಿ ನೀರು ಕಟ್ಟಿ ನಿಲ್ಲಿಸಿ, ಪರೀಕ್ಷೆ ಮಾಡಿ ಆಮೇಲೆ ಲಾರಿಗೆ ಏರಿಸುತ್ತಾರೆ. ಸೈಟಿನಲ್ಲಿ ಉಳಿಯುವುದು ಬರುವ ನೀರಿನ ಪೈಪು, ಹೋಗುವ ನೀರಿನ ಪೈಪು, ಕರೆಂಟಿನ ವೈರು ಜೋಡಿಸುವುದು. ಎರಡು ವಿಷಯ ಮಾತ್ರ ಮೊದಲೇ ಗೊತ್ತಿರಬೇಕು. ಈ ಬಾತ್‌ರೂಮ್ ಪೆಟ್ಟಿಗೆ ಕೂರುವ ಕಡೆ ಸ್ಲ್ಯಾಬ್ ತಗ್ಗಿರಬೇಕು, ಇಲ್ಲದಿದ್ದರೆ ಬಾತ್‌ರೂಮಿಗೆ ಹೋಗುವಾಗ ಅಜ್ಜಿ ಎಡವುತ್ತಾರೆ. ಮತ್ತೆ ಪೈಪುಗಳು ಹೊರಗಿನ ಶಾಫ್ಟಿಗೆ ತೆರೆದುಕೊಂಡಿರಬೇಕು. ಮುಂದೆ ಪೈಪು ಬದಲಿಸಲು ಟೈಲ್ಸು ಒಡೆಯುವ ಹಾಗಾಗಬಾರದು.

ಬದಲಿಸುವ ಮಾತು ಬಂದದ್ದರಿಂದ ಟೋಕಿಯೋದ ನಕಗಿನ್ ಕ್ಯಾಪ್ಸೂಲ್ ಟವರ್ ಬಗ್ಗೆ ಹೇಳಲೇಬೇಕು. 1972ರಲ್ಲಿ ವಾಸ್ತುಶಿಲ್ಪಿ ಕಿಶೊ ಕುರೊಕಾವಾ ಕಟ್ಟಿದ್ದು. ಎರಡು ಗೋಪುರಕ್ಕೆ ತಗಲಿಸಿದ 140 ಪುಟ್ಟ ಪೆಟ್ಟಿಗೆ ಮನೆಗಳು, ಒಂದೊಂದಕ್ಕೆ ನಾಲ್ಕೇ ಬೋಲ್ಟು. 25 ವರ್ಷಕ್ಕೊಮ್ಮೆ ಹಳೆಯದನ್ನು ಬಿಚ್ಚಿ ಹೊಸದು ತಗಲಿಸುವುದು ಅಂತ ಯೋಜನೆ. ಒಂದೂ ಬದಲಾಗಲಿಲ್ಲ. ಕೆಳಗಿನದನ್ನು ತೆಗೆಯಲು ಮೇಲಿನವನ್ನು ತೆಗೆಯಬೇಕಿತ್ತು. ಪ್ರತಿಯೊಂದಕ್ಕೂ ಬೇರೆ ಬೇರೆ ಮಾಲೀಕರು. ಎಲ್ಲರೂ ಒಪ್ಪಿ ದುಡ್ಡು ಹಾಕಬೇಕಿತ್ತು. ನಮ್ಮ ಅಸೋಸಿಯೇಶನ್ ಮೀಟಿಂಗಿಗೆ ಒಮ್ಮೆ ಹೋಗಿ ಬಂದವರಿಗೆ ಮುಂದಿನದು ಬಿಡಿಸಿ ಹೇಳಬೇಕಾಗಿಲ್ಲ. ಸೋರಿಕೆ ಶುರುವಾಯಿತು, ಬಿಸಿನೀರು ನಿಂತಿತು, 2022ರಲ್ಲಿ ಕೆಡವಿದರು.

ಹಾಗಾಗಿ ನನ್ನ ಆಯ್ಕೆ ಮಿಶ್ರ ದಾರಿ. ಕಂಬ ತೊಲೆ ಸೈಟಿನಲ್ಲೇ ಹೊಯ್ಯಲಿ ಅಥವಾ ಪ್ರೀಕಾಸ್ಟ್ ಬರಲಿ. ಛಾವಣಿಗೆ ಹಾಲೋಕೋರ್ ಹಲಗೆ, ಮೆಟ್ಟಿಲು ರೆಡಿಮೇಡ್, ಬಾತ್‌ರೂಮ್ ಪೂರ್ತಿ ಕಾರ್ಖಾನೆಯದು. ಹೊರಗಿನ, ಒಳಗಿನ ಗೋಡೆಗಳನ್ನು ಮಾತ್ರ ಇಲ್ಲಿಯ ಹಗುರ ಬ್ಲಾಕುಗಳಲ್ಲಿ ಇಲ್ಲಿಯ ಕೈಗಳೇ ಕಟ್ಟಲಿ. ಚಾಮರಾಜನಗರ, ನಂಜನಗೂಡು ಕಡೆಯಿಂದ ಬೆಳಗಿನ ರೈಲಿಗೆ ಬರುವ ಗಾರೆಯವರ ಕೆಲಸವನ್ನು ಒಂದೇ ಏಟಿಗೆ ಕಿತ್ತುಕೊಳ್ಳುವುದು ಯಾವ ಲೆಕ್ಕದ ಸುಸ್ಥಿರತೆ? ಬ್ಲಾಕ್ ಗೋಡೆಗೆ ಇನ್ನೊಂದು ಅನುಕೂಲ ಇದೆ. ಭಾರ ಹೊರುವ ಪ್ರೀಕಾಸ್ಟ್ ಗೋಡೆಯನ್ನು ಮುಟ್ಟುವ ಹಾಗಿಲ್ಲ. ಮಗಳ ಮದುವೆ ಆದ ಮೇಲೆ ಎರಡು ರೂಮು ಒಂದು ಮಾಡುವುದು, ಅಡುಗೆಮನೆ ದೊಡ್ಡದು ಮಾಡುವುದು ನಮ್ಮಲ್ಲಿ ನಡೆಯುತ್ತಲೇ ಇರುತ್ತದೆ. ಬ್ಲಾಕ್ ಗೋಡೆಯಾದರೆ ತೆಗೆಯಬಹುದು.

30x40 ಸೈಟಿನಲ್ಲಿ ಸ್ವಂತ ಮನೆ ಕಟ್ಟುವವರಿಗೆ ಇದರಲ್ಲಿ ಹೆಚ್ಚೇನೂ ಇಲ್ಲ. ಒಂದು ಅಚ್ಚನ್ನು ನೂರಾರು ಸಲ ಬಳಸಿದರೆ ಮಾತ್ರ ಅದರ ದುಡ್ಡು ಹುಟ್ಟುತ್ತದೆ. ಬ್ಯಾಂಕಿನವರೂ ಪಾಯ, ಲಿಂಟಲ್, ಸ್ಲ್ಯಾಬ್ ಅಂತ ಹಂತಹಂತವಾಗಿ ಸಾಲ ಬಿಡುತ್ತಾರೆ. ಕಾರ್ಖಾನೆಗೆ ಮಾತ್ರ ದುಡ್ಡು ಮೊದಲೇ ಬೇಕು. ಹಾಸ್ಟೆಲ್, ಪೊಲೀಸ್ ಕ್ವಾರ್ಟರ್ಸ್, ಹೆಬ್ಬಾಳ–ಹೂಟಗಳ್ಳಿ ಕೈಗಾರಿಕಾ ಪ್ರದೇಶದ ನೌಕರರ ವಸತಿ, ರಿಂಗ್ ರಸ್ತೆ ಪಕ್ಕದ ದೊಡ್ಡ ಅಪಾರ್ಟ್‌ಮೆಂಟುಗಳು, ಇವಕ್ಕೆ ಲೆಕ್ಕ ಕೂಡುತ್ತದೆ.

ಇಂಥದ್ದರಲ್ಲಿ ಫ್ಲ್ಯಾಟ್ ತಗೊಳ್ಳುವವರು ಬಿಲ್ಡರ್ ಹತ್ತಿರ ಮಾಡೆಲ್ ಫ್ಲ್ಯಾಟಿನ ಸೋಫಾ ನೋಡುವ ಮುಂಚೆ ಕೆಲವು ಹಾಳೆ ಕೇಳಬೇಕು. ಈ ವಿಧಾನಕ್ಕೆ ಕೇಂದ್ರದ ಕಟ್ಟಡ ಸಾಮಗ್ರಿ ಮಂಡಳಿ ಬಿಎಂಟಿಪಿಸಿ ಕೊಟ್ಟ ಪ್ರಮಾಣಪತ್ರ ಇದೆಯೇ? ಸಂದುಗಳ ಗ್ರೌಟಿಂಗ್ ದಾಖಲೆ ಯಾರ ಹತ್ತಿರ ಇದೆ? ಯಾವ ಗೋಡೆ ಕೊರೆಯಬಹುದು, ಯಾವುದು ಕೊರೆಯಬಾರದು ಅನ್ನುವ ನಕ್ಷೆ ಕೊಡುತ್ತಾರೆಯೇ? ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ ಬಿಲ್ಡರ್ ಹೊಣೆ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ. ಸೀಲೆಂಟ್ ಸಾಯುವುದು ಹತ್ತು ವರ್ಷ ಕಳೆದ ಮೇಲೆ. ಆಗ ಹತ್ತು ಮಹಡಿಗೂ ಹಗ್ಗ ಕಟ್ಟಿಕೊಂಡು ಇಳಿದು ಹಳೇ ಸೀಲೆಂಟ್ ಕೆರೆದು ಹೊಸದು ತುಂಬುವ ಖರ್ಚು ಅಸೋಸಿಯೇಶನ್ನಿನದು. ತಿಂಗಳ ಮೇಂಟೆನೆನ್ಸಿನಲ್ಲಿ ಅದಕ್ಕೆಂದು ಒಂದಿಷ್ಟನ್ನು ಮೊದಲ ವರ್ಷದಿಂದಲೇ ಬೇರೆ ಖಾತೆಗೆ ಹಾಕುತ್ತಾ ಹೋದರೆ ಮಳೆಗಾಲದಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟಬೇಕಾಗುವುದಿಲ್ಲ.